ಹಳೆಯ ಡ್ಯಾನಿಶ್ ಕುರ್ಚಿ ಎರಡು ಸಿಕ್ಕಿವೆ. ಕಡಿಮೆ ಖರ್ಚಿನಲ್ಲಿ ಕುಶನ್ ಮಾಡೋದು ಹೇಗೆ?

ವೇದಾವತಿ, ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಷಿಗನ್

ಎಲ್ಲರಿಗೂ ನಮಸ್ಕಾರ.

ಹೋದ ಭಾನುವಾರ ನಮ್ಮ ಮನೆಯಿಂದ ನಾಲ್ಕು ರಸ್ತೆ ಆಚೆ ಒಂದು ಎಸ್ಟೇಟ್ ಸೇಲ್ ಇತ್ತು. ವಯಸ್ಸಾದ ದಂಪತಿಯ ಮನೆ. ಮಕ್ಕಳು ಸಾಮಾನೆಲ್ಲ ಮಾರುತ್ತಿದ್ದರು. ನಾನು ಹೋಗಿದ್ದು ಪಾತ್ರೆ ನೋಡೋಣ ಅಂತ. ಗ್ಯಾರೇಜಿನ ಮೂಲೆಯಲ್ಲಿ ಎರಡು ಕುರ್ಚಿ ಕಂಡವು, ಮೇಲೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿದ್ದರು. ಕೊನೆಯ ದಿನ ಆಗಿದ್ದರಿಂದ ಎಲ್ಲ ಅರ್ಧ ಬೆಲೆ. ಎರಡಕ್ಕೂ ಸೇರಿ 40 ಡಾಲರ್ ಕೊಟ್ಟು ತಂದೆ.

ತೇಗದ ಕುರ್ಚಿಗಳು. ಕಾಲುಗಳು ಕೆಳಕ್ಕೆ ಹೋಗ್ತಾ ಸಣ್ಣಗಾಗುತ್ತವೆ. ಕೈ ಇಡುವ ಜಾಗ ದೋಣಿಯ ಅಂಚಿನ ಹಾಗೆ ಬಾಗಿದೆ. ಬೆನ್ನಿಗೆ ಅಡ್ಡಪಟ್ಟಿಗಳಿವೆ. ಹಿಂದಿನ ಮರದ ಒಳಭಾಗದಲ್ಲಿ ‘ಮೇಡ್ ಇನ್ ಡೆನ್ಮಾರ್ಕ್’ ಅಂತ ಸುಟ್ಟು ಒತ್ತಿದ ಮುದ್ರೆ ಇದೆ. 1960ರ ಆಸುಪಾಸಿನದು ಇರಬೇಕು. ಅವರ ಮಗಳು, ‘ನಾನು ಹುಟ್ಟುವ ಮೊದಲೇ ಇವು ಮನೆಯಲ್ಲಿದ್ದವು’ ಅಂದರು. ಅವರಿಗೆ ಅರವತ್ತು ದಾಟಿದೆ.

ಮರ ಚೆನ್ನಾಗಿದೆ. ಉಳಿದದ್ದು ಯಾವುದೂ ಇಲ್ಲ ಅಂತಲೇ ಹೇಳಬೇಕು. ಸೀಟಿನ ಕೆಳಗೆ ಒಂದೊಂದಕ್ಕೆ ಏಳು ರಬ್ಬರ್ ಪಟ್ಟಿ. ಒಂದರಲ್ಲಿ ನಾಲ್ಕು ಆಗಲೇ ತುಂಡಾಗಿವೆ. ಇನ್ನೊಂದರಲ್ಲಿ ಇವೆ, ಆದರೆ ಉಗುರಿನಿಂದ ಒತ್ತಿದರೆ ಒಣಗಿದ ಹಪ್ಪಳದ ಹಾಗೆ ಬಿರುಕು ಬಿಡುತ್ತವೆ. ಕುಶನ್ ಜಿಪ್ ತೆಗೆದರೆ ಕಂದು ಪುಡಿ ಉದುರುತ್ತದೆ. ಬಟ್ಟೆ ಮಂಡಿ ತಾಗುವ ಜಾಗದಲ್ಲಿ ಹರಿದಿದೆ.

ಈ ಊರನ್ನು ‘ಫರ್ನಿಚರ್ ಸಿಟಿ’ ಅಂತಲೇ ಕರೀತಾರೆ. ಹಾಗಾಗಿ ಕೆಲಸ ಗೊತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಒಬ್ಬರನ್ನು ಕೇಳಿದೆ. ಎರಡಕ್ಕೂ ಬಟ್ಟೆ ಸೇರಿ 1,150 ಡಾಲರ್ ಅಂದರು. ಅವರ ಕೆಲಸಕ್ಕೆ ಅದು ನ್ಯಾಯವಾದ ಬೆಲೆಯೇ ಇರಬಹುದು. ನನ್ನ ಕೈಲಿ ಇರೋದು 250.

ನನ್ನ ಹತ್ತಿರ ಮಾಮೂಲಿ ಹೊಲಿಗೆ ಯಂತ್ರ ಇದೆ. ರವಿಕೆ, ಪರದೆ, ದಿಂಬಿನ ಕವರ್ ಹೊಲಿದಿದ್ದೇನೆ. ಕುಶನ್ ಹೊಲಿದಿಲ್ಲ. ಕೇಳಬೇಕಾದದ್ದು ಇಷ್ಟು. ರಬ್ಬರ್ ಪಟ್ಟಿಗೆ ಬದಲು ಏನು ಹಾಕಬೇಕು? ಫೋಮ್ ಯಾವುದು ತರಬೇಕು, ಅಂಗಡಿಯವರು ಹೇಳುವ ನಂಬರುಗಳು ನನಗೆ ಅರ್ಥವಾಗುತ್ತಿಲ್ಲ. ನಮ್ಮ ಯಜಮಾನರು ಮರವನ್ನು ಉಪ್ಪುಕಾಗದದಲ್ಲಿ ಉಜ್ಜಿ ಹೊಸದಾಗಿ ವಾರ್ನಿಶ್ ಹೊಡೆಯೋಣ ಅಂತಿದ್ದಾರೆ, ಅದು ಸರಿಯಾ?

ಇನ್ನೊಂದು. ಹಿರಿಯೂರಿನಿಂದ ಬರುವಾಗ ಅಜ್ಜನ ಕರಿ ಕಂಬಳಿ ತಂದಿದ್ದೆ. ಚಳ್ಳಕೆರೆ ಕಡೆಯದು. ಪೆಟ್ಟಿಗೆಯಲ್ಲೇ ಇದೆ. ಅದನ್ನು ಈ ಕುರ್ಚಿಗೆ ಹಾಕಿದರೆ ಹೇಗೆ ಅಂತ ಮನಸ್ಸಿಗೆ ಬಂದಿದೆ. ಗೊತ್ತಿರುವವರು ಹೇಳಿ.

ಕಾಫಿಲೋಟ, ಶಿಕಾಗೊ

40 ಡಾಲರಿಗೆ ಎರಡು! ಬಹಳ ಒಳ್ಳೆಯದು ಸಿಕ್ಕಿದೆ ನಿಮಗೆ. ಮೊದಲು ಕುರ್ಚಿಯನ್ನು ತಲೆಕೆಳಗು ಮಾಡಿ ಚೆನ್ನಾಗಿ ನೋಡಿ. ‘ಡ್ಯಾನಿಶ್ ಫರ್ನಿಚರ್ ಮೇಕರ್ಸ್ ಕಂಟ್ರೋಲ್’ ಅನ್ನುವ ದುಂಡು ಗುರುತು ಅಥವಾ ತಯಾರಕರ ಹೆಸರು ಸಿಕ್ಕರೆ, ಏನನ್ನೂ ಬದಲಾಯಿಸುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ.

ಫೋಮಿಗೆ ನಾನು ಮಾಡಿದ್ದು ಹೇಳ್ತೀನಿ. ಹಾಸಿಗೆಯ ಮೇಲೆ ಹಾಕುವ ಟಾಪರ್ ಬರುತ್ತಲ್ವಾ, ಎರಡು ಇಂಚಿನದು, ಅದನ್ನು ಕತ್ತರಿಸಿ ಎರಡು ಪದರ ಅಂಟಿಸಿದೆ. ತುಂಬಾ ಅಗ್ಗ. ಕೂರೋಕೆ ಮೆತ್ತಗೆ ಚೆನ್ನಾಗಿದೆ. ಮಾಡಿ ಎರಡು ತಿಂಗಳಾಯ್ತು.

ದಬ್ಬಣ, ಕೊಲಂಬಸ್, ಒಹಾಯೊ

ವೇದಾವತಿಯವರೇ, ನೀವು ನಮ್ಮ ಕಡೆಯವರೇ ಆದ್ರಿ. ನಂದು ದಾವಣಗೆರೆ. ಅಪ್ಪನಿಗೆ ಅಲ್ಲಿ ಕುಶನ್ ಅಂಗಡಿ ಇತ್ತು. ಬಸ್ಸಿನ ಸೀಟು, ಟಾಕೀಸಿನ ಕುರ್ಚಿ, ಮದುವೆಗೆ ಕೊಡುವ ಸೋಫಾ ಸೆಟ್ಟು. ಶಾಲೆ ಬಿಟ್ಟ ಮೇಲೆ ನನ್ನ ಕೆಲಸ ತೆಂಗಿನ ನಾರು ಬಿಡಿಸೋದು, ಗೋಣಿತಾಟು ಕತ್ತರಿಸೋದು. ಅಪ್ಪ ಬಾಯಿ ತುಂಬ ಸಣ್ಣ ಮೊಳೆ ಇಟ್ಟುಕೊಂಡು, ಒಂದೊಂದೇ ನಾಲಿಗೆಯಲ್ಲಿ ಮುಂದಕ್ಕೆ ತಳ್ಳಿ ಹೊಡೆಯುತ್ತಿದ್ದರು. ನಾನೀಗ ಬೇರೆ ಕೆಲಸದಲ್ಲಿದ್ದೇನೆ. ಆದರೆ ಈ ಹದಿನೈದು ವರ್ಷದಲ್ಲಿ ಇಲ್ಲಿ ಇಂಥ ಕುರ್ಚಿ ಮೂವತ್ತರ ಮೇಲೆ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಓದಿ.

ಮೊದಲನೇ ಮಾತು. ನಿಮ್ಮ 250 ಡಾಲರಿನಲ್ಲಿ ಅರ್ಧದಷ್ಟು ಫೋಮಿಗೇ ಹೋಗಲಿ. ಬಟ್ಟೆಯಲ್ಲಿ ಉಳಿಸಬಹುದು, ಫೋಮಿನಲ್ಲಿ ಉಳಿಸಬಾರದು. ಅಂಗಡಿಗೆ ಬಂದವರು ಬಣ್ಣದ ಪುಸ್ತಕ ತಿರುವಿ ಹಾಕ್ತಾ ಕೂತರೆ ಅಪ್ಪ ಹೇಳೋರು: ‘ಕೂತ ಮೇಲೆ ಬಟ್ಟೆ ಕಾಣಲ್ಲ ಸ್ವಾಮಿ, ಒಳಗಿರೋದೇ ಗೊತ್ತಾಗೋದು.’ ಬಟ್ಟೆ ಮುಂದಿನ ವರ್ಷ ಬೇಕಾದರೂ ಬದಲಾಯಿಸಬಹುದು. ಫೋಮ್ ಕುಸಿದರೆ ಹೊಸ ಬಟ್ಟೆಯೂ ಸುಕ್ಕಾಗಿ ಕೂರುತ್ತದೆ.

ಈಗ ಆ ನಂಬರುಗಳು. ಎರಡು ಬೇರೆ ಬೇರೆ ವಿಷಯ ಇವೆ, ಜನ ಒಂದೇ ಅಂದುಕೊಳ್ಳುತ್ತಾರೆ. ಒಂದು ಡೆನ್ಸಿಟಿ, ಅಂದರೆ ತೂಕ. ಫೋಮ್ ಎಷ್ಟು ವರ್ಷ ಬಾಳುತ್ತದೆ ಅನ್ನೋದು ಇದರ ಮೇಲೆ. ಇನ್ನೊಂದು ಐಎಲ್‌ಡಿ, ಅಂದರೆ ಒತ್ತಿದರೆ ಎಷ್ಟು ಗಟ್ಟಿ ಅನ್ನೋದು. ಮೆತ್ತಗಿರುವ ಫೋಮೂ ಒಳ್ಳೆಯ ತೂಕದ್ದು ಇರಬಹುದು. ಗಟ್ಟಿ ಇದೆ ಅಂತ ತಂದದ್ದು ಹಗುರವಾಗಿದ್ದು ವರ್ಷದೊಳಗೆ ಹಳ್ಳ ಬೀಳಬಹುದು.

ನಮ್ಮೂರಲ್ಲಿ 32 ಡೆನ್ಸಿಟಿ, 40 ಡೆನ್ಸಿಟಿ ಅಂತಾರಲ್ವಾ, ಅದು ಒಂದು ಘನ ಮೀಟರಿಗೆ ಅಷ್ಟು ಕಿಲೊ ಅಂತ. ಇಲ್ಲಿ ಒಂದು ಘನ ಅಡಿಗೆ ಇಷ್ಟು ಪೌಂಡ್ ಅಂತಾರೆ. ಇಲ್ಲಿನ ನಂಬರನ್ನು 16ರಿಂದ ಗುಣಿಸಿದರೆ ಊರಿನ ನಂಬರು ಬರುತ್ತದೆ. 2 ಪೌಂಡ್ ಅಂದರೆ ನಮ್ಮ 32. ಎರಡೂವರೆ ಪೌಂಡ್ ಅಂದರೆ 40. ಸೀಟಿಗೆ ಎರಡೂವರೆ ಪೌಂಡಿನದು, ಐಎಲ್‌ಡಿ 35ರ ಹತ್ತಿರದ್ದು ಕೇಳಿ. ಬೆನ್ನಿನ ಮೇಲೆ ಅಷ್ಟು ಭಾರ ಬೀಳಲ್ಲ. ಅಲ್ಲಿ 2 ಪೌಂಡಿನದು, ಇನ್ನೂ ಮೆತ್ತಗಿನದು ಸಾಕು.

ಅಂಗಡಿಯವರು ಹೇಳಿದ್ದು ನಿಜವಾ ಅಂತ ಅಡುಗೆಮನೆಯ ತಕ್ಕಡಿಯಲ್ಲೇ ನೋಡಬಹುದು. 22 ಇಂಚು ಉದ್ದ, 22 ಅಗಲ, 4 ದಪ್ಪದ ತುಂಡು ಎರಡೂವರೆ ಪೌಂಡ್ ಡೆನ್ಸಿಟಿಯದಾದರೆ ಒಂದೂಕಾಲು ಕಿಲೊ ತೂಗಬೇಕು. 2 ಪೌಂಡಿನದು ಒಂದು ಕಿಲೊ. ಅರ್ಧ ಕಿಲೊ ಚಿಲ್ಲರೆ ತೂಗಿದರೆ ಅದು ಪ್ಯಾಕಿಂಗಿಗೆ ಹಾಕುವಂಥದ್ದು, ವಾಪಸ್ ಕೊಡಿ. ಕಾಫಿಲೋಟ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಟಾಪರ್‌ಗಳು ಸಾಮಾನ್ಯವಾಗಿ ಹಗುರ. ಹಾಸಿಗೆ ಮೇಲೆ ಮೈಯ ಭಾರ ಹರಡುತ್ತದೆ, ಕುರ್ಚಿಯಲ್ಲಿ ಎಲ್ಲ ಒಂದೇ ಕಡೆ ಬೀಳುತ್ತದೆ. ನಿಮ್ಮದನ್ನೂ ಒಮ್ಮೆ ತೂಗಿ ನೋಡಿ.

ಇನ್ನು ರಬ್ಬರ್ ಪಟ್ಟಿ. ಇದು ಇಟಲಿಯ ಪಿರೆಲ್ಲಿ ಕಂಪನಿ ತಂದದ್ದು, ಟೈರ್ ಮಾಡುವ ಅದೇ ಕಂಪನಿ. ರಬ್ಬರಿನ ನಡುವೆ ದಾರದ ಪದರ ಇರುತ್ತದೆ. ಸ್ಪ್ರಿಂಗಿನ ಜಾಗದಲ್ಲಿ ಇದು ಬಂದ ಮೇಲೆ ಸೀಟು ಇಷ್ಟು ತೆಳ್ಳಗೆ ಮಾಡೋದು ಸಾಧ್ಯ ಆಯ್ತು. ನಿಮ್ಮ ಕುರ್ಚಿ ಕೆಳಗಿನಿಂದ ಅಷ್ಟು ಹಗುರವಾಗಿ ಕಾಣೋದಕ್ಕೆ ಇದೂ ಒಂದು ಕಾರಣ. ಅದಕ್ಕೇ ಕೆಲವರು ಮಾಡುವ ಹಾಗೆ ಅಲ್ಲಿ ಪ್ಲೈವುಡ್ ಹಲಗೆ ಹಾಕಬೇಡಿ. ಖರ್ಚು ಕಡಿಮೆ, ಆದರೆ ಕೂತರೆ ಬೆಂಚಿನ ಮೇಲೆ ಕೂತ ಹಾಗಾಗುತ್ತದೆ. ಎಳೆತ ಇಲ್ಲದ ಸೆಣಬಿನ ಪಟ್ಟಿಯೂ ಬೇಡ, ಅದು ಸ್ಪ್ರಿಂಗ್ ಕೂರಿಸುವ ಸೀಟಿಗೆ. ಎರಡು ಇಂಚು ಅಗಲದ ರಬ್ಬರ್ ಪಟ್ಟಿ ಈಗಲೂ ಗಜದ ಲೆಕ್ಕದಲ್ಲಿ ಸಿಗುತ್ತದೆ.

ಮರದಲ್ಲಿ ಉದ್ದಕ್ಕೆ ಕೊರೆದ ಸಂದು ಇರಬೇಕು, ಪಟ್ಟಿಯ ತುದಿಯ ಕಬ್ಬಿಣದ ಕ್ಲಿಪ್ಪು ಅದರಲ್ಲಿ ಕೂತಿರುತ್ತದೆ. ಕ್ಲಿಪ್ಪುಗಳನ್ನು ಬಿಸಾಡಬೇಡಿ. ಸ್ಕ್ರೂಡ್ರೈವರಿನಿಂದ ಬಾಯಿ ಬಿಡಿಸಿ, ತುಕ್ಕು ಉಜ್ಜಿ, ಹೊಸ ಪಟ್ಟಿ ಇಟ್ಟು ವೈಸ್‌ನಲ್ಲಿ ಅಮುಕಿ. ಅಳತೆ ಹೀಗೆ: ಈ ಸಂದಿನಿಂದ ಆ ಸಂದಿಗೆ 22 ಇಂಚು ಇದ್ದರೆ ಪಟ್ಟಿಯನ್ನು 20 ಇಂಚಿಗೆ ಕತ್ತರಿಸಿ. ಹತ್ತರಲ್ಲಿ ಒಂದು ಪಾಲು ಕಡಿಮೆ. ಎಳೆದು ಕೂರಿಸಿದಾಗ ಬಿಗಿ ಬರುತ್ತದೆ. ಜಾಸ್ತಿ ಬಿಗಿ ಮಾಡಿದರೆ ಹಳೆಯ ಮರದ ಕೀಲು ಎಳೆದುಕೊಂಡು ಬಿಡುತ್ತದೆ. ಕೀಲು ಈಗಲೇ ಅಲ್ಲಾಡುತ್ತಿದೆಯಾ ನೋಡಿ. ಅಲ್ಲಾಡಿದರೆ ಮೊದಲು ಬಿಚ್ಚಿ, ಹಳೆಯ ಅಂಟು ಕೆರೆದು, ಹೊಸ ಅಂಟು ಹಾಕಿ ಕ್ಲ್ಯಾಂಪಿನಲ್ಲಿ ಒಂದು ದಿನ ಬಿಡಿ. ಪಟ್ಟಿ ಆಮೇಲೆ. ಏಳು ಪಟ್ಟಿ, 20 ಇಂಚು, ಎರಡು ಕುರ್ಚಿ ಅಂದರೆ 280 ಇಂಚು, ಎಂಟು ಗಜಕ್ಕೆ ಸ್ವಲ್ಪ ಕಮ್ಮಿ. ಒಂಬತ್ತು ಗಜ ತನ್ನಿ.

ಬಟ್ಟೆಯ ಲೆಕ್ಕಕ್ಕೆ ಒಂದು ಕಾಗದ ತೆಗೆದುಕೊಳ್ಳಿ. ಕುಶನ್ ಬಟ್ಟೆ ಸಾಮಾನ್ಯವಾಗಿ 54 ಇಂಚು ಪನ್ನ. ಸೀಟಿನ ಮೇಲೆ ಕೆಳಗೆ ಎರಡು ತುಂಡು, ಹೊಲಿಗೆ ಬಿಟ್ಟು 23 ಇಂಚು ಚೌಕ. ಎರಡನ್ನೂ ಪಕ್ಕಪಕ್ಕ ಇಟ್ಟರೆ 46, ಪನ್ನದಲ್ಲಿ ಕೂರುತ್ತವೆ. ಉದ್ದ ಹೋಗೋದು 23 ಇಂಚು. ಬೆನ್ನಿನ ತುಂಡುಗಳಿಗೆ ಇನ್ನೊಂದು 19 ಇಂಚು. ಪಕ್ಕದ ಸುತ್ತಿನ ಪಟ್ಟಿ 5 ಇಂಚಿನಂತೆ ನಾಲ್ಕು, ಅದು 20. ಒಟ್ಟು 62 ಇಂಚು. ಎರಡು ಕುರ್ಚಿಗೆ 124, ನಾಲ್ಕು ಗಜದೊಳಗೆ ಆಗುತ್ತದೆ. ಪೈಪಿಂಗ್ ಬೇಕು ಅಂದರೆ ನಾಲ್ಕೂವರೆ. ಇಷ್ಟೇ ಕೆಲಸಕ್ಕೆ ಎಂಟು ಗಜ ಬೇಕು ಅಂತ ಅಂಗಡಿಯಲ್ಲಿ ಹೇಳಿದರೆ ಒಪ್ಪಬೇಡಿ. ದೊಡ್ಡ ಹೂವು, ಚೌಕಳಿ ಇದ್ದರೆ ಮಾತ್ರ ಡಿಸೈನ್ ಕೂಡಿಸೋಕೆ ಜಾಸ್ತಿ ಬೇಕು. ನಿಮ್ಮ ಮೊದಲ ಕುಶನ್ನಿಗೆ ಪ್ಲೇನ್ ಬಟ್ಟೆಯೇ ಒಳ್ಳೆಯದು.

ನಾಲ್ಕು ಗಜ ಅಂದರೆ ಕಟ್‌ಪೀಸ್. ಥಾನಿನ ಕೊನೆಯಲ್ಲಿ ಉಳಿದದ್ದನ್ನು ಕುಶನ್ ಅಂಗಡಿಗಳು ಕಾಲು ಬೆಲೆಗೆ ಕೊಡುತ್ತಾರೆ. ನಿಮಗೆ 1,150 ಹೇಳಿದ ಅಂಗಡಿಯಲ್ಲೇ ಕಟ್‌ಪೀಸ್ ಇದೆಯಾ ಅಂತ ಕೇಳಿ, ಸಂಕೋಚ ಬೇಡ. ಉಣ್ಣೆ ಸಿಕ್ಕರೆ ಅದೇ ಮೇಲು, ಈ ಕುರ್ಚಿಗಳಿಗೆ ಮೊದಲಿನಿಂದ ಹೊಂದುವ ಬಟ್ಟೆ ಅದು. ಬಟ್ಟೆಯ ಸ್ಯಾಂಪಲ್ಲಿನ ಹಿಂಬದಿಯಲ್ಲಿ ‘ಡಬಲ್ ರಬ್ಸ್’ ಅಂತ ಸಂಖ್ಯೆ ಇರುತ್ತದೆ, ಎಷ್ಟು ಸಲ ಉಜ್ಜಿದರೆ ಸವೆಯುತ್ತದೆ ಅಂತ. 15,000ದ ಮೇಲಿದ್ದರೆ ಮನೆಗೆ ಆಯ್ತು. ಮಕ್ಕಳಿದ್ದರೆ 30,000 ನೋಡಿ. ಪರದೆ ಬಟ್ಟೆ ಮಾತ್ರ ಬೇಡ.

ಹೊಲಿಗೆ ಯಂತ್ರಕ್ಕೆ 16 ನಂಬರಿನ ಸೂಜಿ, ದಪ್ಪ ಪಾಲಿಯೆಸ್ಟರ್ ದಾರ. ಹತ್ತಿ ದಾರ ಎಳೆತಕ್ಕೆ ಕಿತ್ತು ಬರುತ್ತದೆ. ಜಿಪ್ ಹಿಂಭಾಗದಲ್ಲಿ ಹಾಕಿ, ಎರಡೂ ಮೂಲೆ ದಾಟಿ ಮೂರು ಮೂರು ಇಂಚು ಪಕ್ಕಕ್ಕೆ ತಿರುಗಲಿ. ಇಲ್ಲದಿದ್ದರೆ ನಾಲ್ಕು ಇಂಚಿನ ಫೋಮ್ ಒಳಗೆ ತೂರಲ್ಲ. ಕೊನೆಯ ಸುತ್ತು ಹೊಲಿಯುವ ಮೊದಲು ಜಿಪ್ ಅರ್ಧ ತೆರೆದಿರಲಿ. ಮುಚ್ಚಿ ಹೊಲಿದರೆ ಕವರ್ ಒಳಗು ಹೊರಗು ಮಾಡೋಕೆ ದಾರಿಯೇ ಇರಲ್ಲ.

ಫೋಮನ್ನು ಕವರಿಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ. ಕತ್ತರಿಸೋಕೆ ಇಲ್ಲಿ ಟರ್ಕಿ ಕೊಯ್ಯುವ ಕರೆಂಟಿನ ಚಾಕು ಸಿಗುತ್ತದಲ್ಲ, ಹಳೆ ಸಾಮಾನಿನ ಅಂಗಡಿಯಲ್ಲಿ ನಾಲ್ಕೈದು ಡಾಲರ್. ಬೆಣ್ಣೆ ಕತ್ತರಿಸಿದ ಹಾಗೆ ಹೋಗುತ್ತದೆ. ಮೇಲೆ ರೆಕ್ರಾನ್, ಅಂದರೆ ಪಾಲಿಯೆಸ್ಟರ್ ಹತ್ತಿಯ ಒಂದು ಪದರ ಸುತ್ತಿ, ಆಗ ಮೂಲೆ ತುಂಬಿಕೊಂಡು ಬರುತ್ತದೆ. ಒಳಗೆ ತೂರಿಸೋಕೆ ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ವ್ಯಾಕ್ಯೂಮ್ ಕ್ಲೀನರಿನಿಂದ ಗಾಳಿ ಎಳೆದರೆ ಫೋಮ್ ಚಪ್ಪಟೆ ಆಗುತ್ತದೆ. ಒಳಗಿಟ್ಟು ಪ್ಲಾಸ್ಟಿಕ್ ಹರಿದು ಎಳೆದುಬಿಡಿ.

ಮರಕ್ಕೆ ಉಪ್ಪುಕಾಗದ ಬೇಡ. ಯಜಮಾನರಿಗೆ ನನ್ನ ಕೈಮುಗಿದು ಹೇಳಿ. ಅರವತ್ತು ವರ್ಷದ ಬಿಸಿಲಿಗೆ ಆ ಬಣ್ಣ ಬಂದಿದೆ. ಉಜ್ಜಿದರೆ ಹೋಯ್ತು, ಮತ್ತೆ ತರಿಸೋಕೆ ಇನ್ನೊಂದು ಅರವತ್ತು ವರ್ಷ ಬೇಕು. ಸೌಮ್ಯ ಸಾಬೂನು ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಎಣ್ಣೆ ಹಚ್ಚಿ. ಅಷ್ಟೇ.

ಕಂಬಳಿ ವಿಷಯ ನನಗೆ ಅಷ್ಟು ಗೊತ್ತಿಲ್ಲ. ಗೊತ್ತಿರುವವರು ಯಾರಾದರೂ ಹೇಳಿ.

ಗುಂಡಿಮಗ್ಗ, ತುಮಕೂರು

ಕಂಬಳಿ ಬಗ್ಗೆ ನಾನು ಹೇಳಬಲ್ಲೆ. ನಮ್ಮ ಮನೆಯಲ್ಲಿ ಅಜ್ಜಿ ನೂಲುತ್ತಿದ್ದರು, ಅಜ್ಜ ನೇಯುತ್ತಿದ್ದರು.

ವೇದಾವತಿ ಅಕ್ಕ, ಕಂಬಳಿಗೆ ಗಟ್ಟಿತನ ಬರೋದು ಅರ್ಧ ಉಣ್ಣೆಯಿಂದ, ಅರ್ಧ ಹುಣಸೆ ಬೀಜದ ಗಂಜಿಯಿಂದ. ನೇಯುವ ಮೊದಲು ಹಾಸಿನ ಎಳೆಗೆ ಗಂಜಿ ಹಚ್ಚುತ್ತಾರೆ. ನೀರಲ್ಲಿ ನೆನೆಸಿದರೆ ಗಂಜಿ ಬಿಡುತ್ತದೆ, ಎಳೆಗಳು ಸಡಿಲ ಆಗುತ್ತವೆ. ಕುಶನ್ ಕವರ್ ಅಂದರೆ ಯಾವತ್ತಾದರೂ ಒಗೀಲೇಬೇಕು. ಜೊತೆಗೆ ಕೈನೂಲಿನ ನೇಯ್ಗೆ. ಕತ್ತರಿಸಿದ ಅಂಚಲ್ಲಿ ಎಳೆ ಜಾರುತ್ತದೆ, ಎಷ್ಟು ಹೊಲಿದರೂ ಕೂತಾಗ ಹೊಲಿಗೆಯ ಪಕ್ಕದಲ್ಲಿ ಬಾಯಿ ಬಿಡುತ್ತದೆ. ಬರಿ ತೋಳಿಗೆ ಚುಚ್ಚೋದಂತೂ ನಿಮಗೆ ಗೊತ್ತೇ ಇದೆ.

ಹಾಕಲೇಬೇಕು ಅಂದರೆ ಬೆನ್ನಿನ ಕುಶನ್ನಿನ ಮುಂಭಾಗಕ್ಕೆ ಮಾತ್ರ, ಹಿಂದೆ ದಪ್ಪ ಹತ್ತಿ ಬಟ್ಟೆಯ ಅಸ್ತರಿ ಕೊಟ್ಟು ಹಾಕಬಹುದು. ನನ್ನನ್ನು ಕೇಳಿದರೆ ಕತ್ತರಿ ಹಾಕಬೇಡಿ. ಅಂಥ ಕಂಬಳಿ ನೇಯುವವರು ನಮ್ಮ ಹಟ್ಟಿಯಲ್ಲಿ ಈಗ ಯಾರೂ ಉಳಿದಿಲ್ಲ. ಮಡಚಿ ಕುರ್ಚಿಯ ಬೆನ್ನಿನ ಮೇಲೆ ಹಾಕಿ. ಬೇಸಿಗೆಯಲ್ಲಿ ಒಮ್ಮೆ ಬಿಸಿಲಿಗೆ ಹಾಕಿ ಕೊಡವಿ, ನುಸಿ ಹಿಡಿಯಲ್ಲ.

ಬೆತ್ತ64, ಬೆಂಗಳೂರು

ಮಗಳೇ, ನಿನ್ನ ಪ್ರಶ್ನೆ ಓದಿ ಖುಷಿ ಆಯಿತು. ನನಗೆ ಎಪ್ಪತ್ತೊಂದು. ನಮ್ಮ ತಂದೆ ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿದ್ದರು, ದೂರವಾಣಿನಗರದ ಕ್ವಾರ್ಟರ್ಸಿನಲ್ಲಿ ನಾವು ಬೆಳೆದದ್ದು. 1964ರಲ್ಲಿ ಅವರು ಒಬ್ಬ ಬಡಗಿಗೆ ಹೇಳಿ ನಾಲ್ಕು ತೇಗದ ಕುರ್ಚಿ ಮಾಡಿಸಿದರು. ನೀನು ವರ್ಣಿಸಿದ ಹಾಗೆಯೇ ಕಾಲು. ಕೂರುವ ಜಾಗ, ಬೆನ್ನು ಎರಡೂ ಬೆತ್ತದ ಹೆಣಿಗೆ. ಯಾವ ಪತ್ರಿಕೆಯಲ್ಲಿ ನೋಡಿ ಹೇಳಿದ್ದರೋ, ಬಡಗಿಗೆ ಪೆನ್ಸಿಲ್ಲಿನಲ್ಲಿ ಬರೆದು ಕೊಟ್ಟಿದ್ದರಂತೆ.

ಆ ಕಾಲದ ಗಾಳಿ ನಮ್ಮ ದೇಶದಲ್ಲೂ ಬೀಸಿತ್ತು. ಚಂಡೀಗಢದ ಕಚೇರಿಗಳಿಗೆ ಸ್ವಿಸ್ ವಾಸ್ತುಶಿಲ್ಪಿ ಪಿಯರ್ ಜನ್ನೆರೆ ತೇಗ, ಬೆತ್ತದ ಕುರ್ಚಿ ಮಾಡಿಸಿದರು. ಅಮೆರಿಕದ ವಿನ್ಯಾಸಕಾರರಾದ ಈಮ್ಸ್ ದಂಪತಿ 1958ರಲ್ಲಿ ನಮ್ಮ ಸರ್ಕಾರಕ್ಕೆ ವಿನ್ಯಾಸದ ಬಗ್ಗೆ ಒಂದು ವರದಿ ಕೊಟ್ಟರು, 1961ರಲ್ಲಿ ಅಹಮದಾಬಾದಿನಲ್ಲಿ ಡಿಸೈನ್ ಸಂಸ್ಥೆ ಶುರುವಾಯಿತು. ಚಂಡೀಗಢದ ಕುರ್ಚಿಗಳನ್ನು ಹಳೆಯದಾಯಿತು ಅಂತ ಗುಜರಿ ಬೆಲೆಗೆ ಹರಾಜು ಹಾಕಿದರು. ಈಗ ಅವೇ ಹೊರದೇಶದ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋಗುತ್ತವೆ. ನಮ್ಮ ಬಡಾವಣೆಯಲ್ಲಿ ಇವತ್ತಿಗೂ ಜನ ಗೃಹಪ್ರವೇಶಕ್ಕೆ ಮೊದಲು ಹಳೆ ತೇಗದ ಕುರ್ಚಿ ಕೊಟ್ಟು ದಪ್ಪ ಸೋಫಾ ತರುತ್ತಾರೆ. ನೋಡಿದಾಗ ಸಂಕಟ ಆಗುತ್ತದೆ.

ಇಲ್ಲಿರುವವರಿಗೆ ಉಪಯೋಗ ಆಗಲಿ ಅಂತ ಒಂದೆರಡು ಮಾತು. ಫೋಮ್, ರೆಗ್ಜಿನ್, ಕಟ್‌ಪೀಸ್ ಬೇಕಾದರೆ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟ್ ಕವರ್ ಅಂಗಡಿಗಳ ಕಡೆ ಹೋಗಿ ಕೇಳಿ. ಬೆತ್ತದ ಕುರ್ಚಿಯಾದರೆ ಹೆಣೆಯುವವರನ್ನು ಮನೆಗೇ ಕರೆಸಿ, ಎದುರಿಗೆ ಮಾಡಿಸಿ. ಕಳೆದ ವರ್ಷ ನನಗೆ ಒಂದು ಕುರ್ಚಿಗೆ 1,800 ರೂಪಾಯಿ ಆಯಿತು. ನಿಜವಾದ ಬೆತ್ತ ಹಾಕಿಸಿ, ಪ್ಲಾಸ್ಟಿಕ್ ವಯರ್ ಹಾಕಿಸಬೇಡಿ. ಪ್ಲಾಸ್ಟಿಕ್ ಬಿಸಿಲಿಗೆ ಪುಡಿಯಾಗುತ್ತದೆ, ಕೂತರೆ ಬೆವರುತ್ತದೆ. ಬೆತ್ತ ಜೋತು ಬಿದ್ದಿದ್ದರೆ ಒಮ್ಮೆ ಅಡಿಯಿಂದ ಒದ್ದೆ ಬಟ್ಟೆ ಒತ್ತಿ, ನೆರಳಲ್ಲಿ ರಾತ್ರಿಯಿಡೀ ಒಣಗಲು ಬಿಡಿ. ಎಳೆ ಕಿತ್ತಿಲ್ಲದಿದ್ದರೆ ತಾನೇ ಬಿಗಿಯಾಗುತ್ತದೆ.

ಕಾಫಿಲೋಟ, ಶಿಕಾಗೊ

ದಬ್ಬಣ ಅಣ್ಣ, ತೂಗಿ ನೋಡಿದೆ. ಎರಡೂ ಪದರ ಸೇರಿ 700 ಗ್ರಾಂ. ನೀವು ಹೇಳಿದ್ದು ಸರಿ, ನಡುವೆ ಆಗಲೇ ಹಳ್ಳ ಬೀಳ್ತಾ ಇದೆ. ಕವರ್ ಇಟ್ಟುಕೊಂಡು ಫೋಮ್ ಮಾತ್ರ ಬದಲಾಯಿಸ್ತೀನಿ.

ವೇದಾವತಿಯವರೇ, ಎರಡು ಎಚ್ಚರಿಕೆ. ಆ ಕಂದು ಪುಡಿ ಉಸಿರಲ್ಲಿ ಹೋಗಬಾರದು, ಮಾಸ್ಕ್ ಹಾಕಿಕೊಂಡು ಹೊರಗಡೆ ಬಿಚ್ಚಿ, ಕವರ್ ಸಮೇತ ಚೀಲಕ್ಕೆ ಕಟ್ಟಿ. ಇನ್ನೊಂದು, ಮರಕ್ಕೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ. ಅಗಸೆ ಎಣ್ಣೆ ಇರುವ ಯಾವುದೇ ಎಣ್ಣೆ ಒಣಗುವಾಗ ಬಿಸಿ ಹುಟ್ಟಿಸುತ್ತದೆ, ಮುದ್ದೆಯಲ್ಲಿ ಆ ಬಿಸಿ ಹೊರಗೆ ಹೋಗದೆ ತಾನಾಗಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲ ನೀರಲ್ಲಿ ನೆನೆಸಿಡಿ.

ವೇದಾವತಿ, ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಷಿಗನ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಹಿಡಿಯಿತು. ಒಂದು ಕುರ್ಚಿ ಪೂರ್ತಿ ಆಯ್ತು, ಇನ್ನೊಂದು ಮುಕ್ಕಾಲು ಆಗಿದೆ.

ಖರ್ಚು ಹೇಳಿಬಿಡ್ತೀನಿ. ರಬ್ಬರ್ ಪಟ್ಟಿ ಒಂಬತ್ತು ಗಜ 27 ಡಾಲರ್. ನಾಲ್ಕು ಫೋಮ್ 96. ಸುತ್ತುವ ಹತ್ತಿ 16. ಜಿಪ್, ದಾರ, ಸೂಜಿ 9. ಚಾಕು 4, ಎಣ್ಣೆ 11. ಬಟ್ಟೆ ನಾಲ್ಕೂವರೆ ಗಜ 54. ಒಟ್ಟು 217. ಕಟ್‌ಪೀಸ್ ಅದೇ ಅಂಗಡಿಯಲ್ಲಿ ಸಿಕ್ಕಿತು ದಬ್ಬಣ ಅಣ್ಣ! ನಾನೇ ಹೊಲಿಯುತ್ತೇನೆ ಅಂತ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ಒಳಗೆ ಕರೆದುಕೊಂಡು ಹೋಗಿ ಒಂದು ಕಪಾಟೇ ತೋರಿಸಿದರು. ಸಾಸಿವೆ ಹೂವಿನ ಬಣ್ಣದ ಉಣ್ಣೆ ಮಿಶ್ರಣ ತಂದೆ.

ಫೋಮ್ ಬಂದ ದಿನವೇ ತೂಗಿದೆ. ಸೀಟಿನದು ಒಂದು ಕಿಲೊ 260 ಗ್ರಾಂ. ಅಷ್ಟು ಸಮಾಧಾನ ಆಯ್ತು ನನಗೆ.

ತಪ್ಪು ಮಾಡಿದ್ದೂ ಹೇಳಬೇಕು. ವೈಸ್ ಇರಲಿಲ್ಲ ಅಂತ ಕ್ಲಿಪ್ಪನ್ನು ನೇರವಾಗಿ ಸುತ್ತಿಗೆಯಲ್ಲಿ ಹೊಡೆದೆ. ಎರಡು ಮುರಿದವು. ಆಮೇಲೆ ಎರಡು ಮರದ ತುಂಡಿನ ನಡುವೆ ಇಟ್ಟು ಹೊಡೆದೆ, ಸರಿಯಾಗಿ ಅಮುಕಿಕೊಂಡಿತು. ಮೊದಲ ಕವರ್ ಹೊಲಿಯುವಾಗ ಅರ್ಧ ಇಂಚಿನ ಹೊಲಿಗೆ ಬಿಡಬೇಕಾದಲ್ಲಿ ಕಾಲಿಂಚು ಬಿಟ್ಟಿದ್ದೆ. ಕವರ್ ಸಡಿಲವಾಗಿ ಅಜ್ಜಿಯ ಕೈಯ ಹಾಗೆ ಸುಕ್ಕು ಸುಕ್ಕು. ಒಂದು ರಾತ್ರಿ ಪೂರ್ತಿ ಬಿಚ್ಚಿ ಹೊಲಿದೆ. ಪ್ಲಾಸ್ಟಿಕ್ ಸುತ್ತಿ ಗಾಳಿ ಎಳೆಯೋದು ಮಾತ್ರ ಮಂತ್ರದ ಹಾಗೆ ಕೆಲಸ ಮಾಡಿತು.

ಒಂದು ವಿಷಯ ನಿಮಗೆಲ್ಲ ಹೇಳಲೇಬೇಕು. ಹರಿದ ಕಂದು ಬಟ್ಟೆ ಬಿಚ್ಚಿದಾಗ ಅದರ ಒಳಗೆ ಇನ್ನೊಂದು ಬಟ್ಟೆ ಇತ್ತು. ನವಿಲು ಬಣ್ಣದ ಉಣ್ಣೆ. ಮೇಲುಗಡೆ ಬಿಳಿಚಿಕೊಂಡಿದೆ, ಹೊಲಿಗೆಯ ಒಳಗೆ ಮಾತ್ರ ಬಣ್ಣ ಹಾಗೇ ಇದೆ. ಮೊದಲಿನ ಬಟ್ಟೆ ಅದೇ ಇರಬೇಕು. ಮಾರಿದ ಮನೆಯ ಮಗಳಿಗೆ ಫೋಟೊ ಕಳಿಸಿದೆ. ‘ಅಮ್ಮನ ಮಡಿಲಲ್ಲಿ ಕೂತಾಗ ನೋಡುತ್ತಿದ್ದ ಬಣ್ಣ ಇದು, ಮರೆತೇ ಹೋಗಿತ್ತು’ ಅಂತ ಬರೆದರು. ಅರ್ಧ ತುಂಡು ಅವರಿಗೆ ಅಂಚೆಯಲ್ಲಿ ಕಳಿಸಿದ್ದೇನೆ.

ಕಂಬಳಿಗೆ ಕತ್ತರಿ ಹಾಕಲಿಲ್ಲ. ಯಜಮಾನರು ಉಪ್ಪುಕಾಗದ ವಾಪಸ್ ಕೊಟ್ಟು ಬಂದರು, ಈಗ ಎಣ್ಣೆ ಹಚ್ಚುವ ಕೆಲಸ ಅವರದೇ. ಬಟ್ಟೆಯನ್ನು ಬೇಲಿ ಮೇಲೆ ಹರಡುತ್ತಿದ್ದಾರೆ.

ಉಳಿದಿರೋದು ಒಂದು ಪ್ರಶ್ನೆ. ಕೂತು ಎದ್ದಾಗ ಪಟ್ಟಿಯ ಕಡೆಯಿಂದ ಕಿರ್ ಅಂತ ಸದ್ದು ಬರುತ್ತದೆ. ಕೀಲು ಗಟ್ಟಿಯಾಗಿಯೇ ಇದೆ. ಏನು ಮಾಡಲಿ?

ದಬ್ಬಣ, ಕೊಲಂಬಸ್, ಒಹಾಯೊ

ತಂಗಿ, ಬಹಳ ಚೆನ್ನಾಗಿ ಮಾಡಿದ್ದೀಯ. ಮೊದಲ ಕುಶನ್ ಬಿಚ್ಚಿ ಹೊಲಿಯದೆ ಕೆಲಸ ಕಲಿತವರು ನಮ್ಮ ಅಂಗಡಿಯಲ್ಲಿ ಒಬ್ಬರೂ ಇರಲಿಲ್ಲ, ನಾನೂ ಸೇರಿ.

ಸದ್ದು ಬರೋದು ಕ್ಲಿಪ್ಪು ಸಂದಿನಲ್ಲಿ ಉಜ್ಜೋದರಿಂದ. ಒಂದೊಂದೇ ಕ್ಲಿಪ್ ಹೊರಗೆ ತೆಗೆದು, ಸಂದಿನೊಳಗೆ ಮೇಣದಬತ್ತಿ ಚೆನ್ನಾಗಿ ತಿಕ್ಕಿ ಮತ್ತೆ ಕೂರಿಸು. ಎಣ್ಣೆ ಹಾಕಬೇಡ, ರಬ್ಬರಿಗೆ ಎಣ್ಣೆ ತಾಗಿದರೆ ಮೆತ್ತಗಾಗಿ ಹಾಳಾಗುತ್ತದೆ. ಮರಕ್ಕೆ ಹಚ್ಚುವಾಗಲೂ ಪಟ್ಟಿ ತೆಗೆದೇ ಹಚ್ಚಲಿ ಅಂತ ಯಜಮಾನರಿಗೆ ಹೇಳು.

ಆ ನವಿಲು ಬಣ್ಣದ ತುಂಡು ಉಳಿದಿದ್ದರೆ ಒಂದು ಬೆರಳಿನಷ್ಟು ಕತ್ತರಿಸಿ, ನಿನ್ನ ಸಾಸಿವೆ ಬಟ್ಟೆಯ ಚೂರು ಜೊತೆಗಿಟ್ಟು, ಕುಶನ್ ಕವರಿನ ಒಳಗೆ ಜಿಪ್ಪಿನ ಪಕ್ಕ ಎರಡು ಹೊಲಿಗೆ ಹಾಕು. ಮರದ ಒಳಮೈಯಲ್ಲಿ ಪೆನ್ಸಿಲ್ಲಿನಿಂದ ತಾರೀಖು ಬರೆ. ಅಪ್ಪ ಪ್ರತಿ ಸೀಟಿನ ಅಡಿಯಲ್ಲೂ ಬರೆಯುತ್ತಿದ್ದರು. ಮುಂದೆ ಬಿಚ್ಚುವವರಿಗೆ ಯಾವಾಗ ಏನು ಹಾಕಿದ್ದು ಅಂತ ಗೊತ್ತಾಗುತ್ತದೆ.

ಎರಡನೇ ಕುರ್ಚಿಯ ಬೆನ್ನಿನ ಕುಶನ್ ಕತ್ತರಿಸುವಾಗ ಬಟ್ಟೆಯ ನೂಲು ಎರಡರಲ್ಲೂ ಒಂದೇ ದಿಕ್ಕಿಗೆ ಇದೆಯಾ ನೋಡಿಕೋ. ತಿರುಗಿದ್ದರೆ ಪಕ್ಕಪಕ್ಕ ಇಟ್ಟಾಗ ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ.